ಪೈಲಿಂಟ್ ಓಡಿಸಿದರೆ 11,480 ಎಚ್ಚರಿಕೆ! ಯಾವುದನ್ನು ಇಟ್ಟುಕೊಳ್ಳಲಿ, ಯಾವುದರ ಬಾಯಿ ಮುಚ್ಚಿಸಲಿ?

ಕಾಫಿಪುಡಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅರ್ಧ ಗೋಳು, ಅರ್ಧ ಪ್ರಶ್ನೆ. ಪೈಲಿಂಟ್ ಅಂದರೆ ಪೈಥಾನ್ ಕೋಡ್ ಓದಿ ತಪ್ಪಿರಬಹುದಾದ ಕಡೆ ಎಚ್ಚರಿಕೆ ಕೊಡುವ ಟೂಲ್, ಇಂಥದ್ದಕ್ಕೆ ಲಿಂಟರ್ ಅನ್ನುತ್ತಾರೆ.

ನಮ್ಮದು ಐದು ಜನರ ತಂಡ. ಹಳೆಯ ಪೈಥಾನ್ ಪ್ರಾಜೆಕ್ಟ್ ಒಂದನ್ನು ನಮ್ಮ ತಲೆಗೆ ಕಟ್ಟಿದ್ದಾರೆ. ಸುಮಾರು 38,000 ಸಾಲು. ಬಿಲ್ಲಿಂಗ್ ಕೆಲಸ, ಜತೆಗೆ ಸ್ಕ್ಯಾನ್ ಮಾಡಿದ ರಸೀದಿ ಓದುವುದಕ್ಕೆ ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಲೈಬ್ರರಿ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಪರೀಕ್ಷೆ ಓಡಿಸುವ ವ್ಯವಸ್ಥೆ) ಪೈಲಿಂಟ್ ಮೊದಲಿನಿಂದಲೂ ಓಡುತ್ತಿದೆ. ಆದರೆ ಅದು ಏನೇ ಹೇಳಿದರೂ ಬಿಲ್ಡ್ ಹಸಿರು ತೋರಿಸಲಿ ಅಂತ ಯಾರೋ ಪುಣ್ಯಾತ್ಮರು ಸೆಟ್ ಮಾಡಿಟ್ಟಿದ್ದಾರೆ.

ಹೋದ ತಿಂಗಳು ಒಬ್ಬ ಗ್ರಾಹಕರ ಬಿಲ್ಲಿನಲ್ಲಿ ಇನ್ನೊಬ್ಬರ ಸಾಮಾನು ಕಾಣಿಸಿಕೊಂಡಿತು. ಎರಡು ದಿನ ತಲೆ ಕೆರೆದುಕೊಂಡೆವು. ಕೊನೆಗೆ ಸಿಕ್ಕಿದ್ದು, ಒಂದು ಫಂಕ್ಷನ್‌ನ ಡಿಫಾಲ್ಟ್ ಆರ್ಗ್ಯುಮೆಂಟಿನಲ್ಲಿ ಖಾಲಿ ಲಿಸ್ಟ್. ಪೈಥಾನ್‌ನಲ್ಲಿ ಆ ಲಿಸ್ಟ್ ಹುಟ್ಟುವುದು ಒಂದೇ ಸಲ, ಫಂಕ್ಷನ್ ಡಿಫೈನ್ ಆದಾಗ. ಆಮೇಲೆ ಎಷ್ಟು ಸಲ ಕರೆದರೂ ಅದೇ ಲಿಸ್ಟ್. ಹಿಂದಿನವರು ಹಾಕಿದ ಸಾಮಾನು ಮುಂದಿನವರ ಬಿಲ್ಲಿಗೆ.

ಹೊಟ್ಟೆ ಉರಿದದ್ದು ಆಮೇಲೆ. ಹಳೆಯ ಲಾಗ್ ತೆಗೆದು ನೋಡಿದರೆ ಪೈಲಿಂಟ್ ಏಳು ತಿಂಗಳಿನಿಂದ ಅದನ್ನೇ ಬಡಕೊಳ್ಳುತ್ತಿತ್ತು. ಡಬ್ಲ್ಯೂ0102, ಡೇಂಜರಸ್ ಡಿಫಾಲ್ಟ್ ವ್ಯಾಲ್ಯೂ. 11,480 ಸಾಲುಗಳಲ್ಲಿ ಒಂದು ಸಾಲು. ಯಾರಿಗೆ ಕಾಣಬೇಕು?

ಉಳಿದದ್ದು ಏನೇನು ಅಂತ ಲೆಕ್ಕ ಹಾಕಿದೆ. ಡಾಕ್‌ಸ್ಟ್ರಿಂಗ್ (ಫಂಕ್ಷನ್ ಏನು ಮಾಡುತ್ತದೆ ಅಂತ ಕೋಡ್ ಒಳಗೇ ಬರೆಯುವ ವಿವರಣೆ) ಇಲ್ಲ ಅನ್ನುವ ದೂರು ಸುಮಾರು 4,100. ಸಾಲು 100 ಅಕ್ಷರಕ್ಕಿಂತ ಉದ್ದ ಅನ್ನುವುದು 2,300. ಹೆಸರು ಸರಿ ಇಲ್ಲ ಅನ್ನುವುದು 1,600. ಲಾಗಿಂಗ್‌ನಲ್ಲಿ ಎಫ್-ಸ್ಟ್ರಿಂಗ್ (ಒಳಗೇ ವೇರಿಯಬಲ್ ಸೇರಿಸಿ ಕಟ್ಟುವ ಪಠ್ಯ) ಬಳಸಬೇಡ ಅನ್ನುವುದು 700. ಓಪನ್‌ಸಿವಿಯಲ್ಲಿ ಇಂಥ ಮೆಂಬರ್ ಇಲ್ಲ ಅನ್ನುವುದು 600, ಆದರೆ ಅವೆಲ್ಲ ಇವೆ, ದಿನಾ ಕೆಲಸ ಮಾಡುತ್ತಿವೆ! ಕ್ಲಾಸಿನಲ್ಲಿ ಮೆಥಡ್ ಕಡಿಮೆ ಅನ್ನುವುದು 180. ಮಿಕ್ಕಿದ್ದು ಚಿಲ್ಲರೆ.

ಇಷ್ಟು ಗಲಾಟೆಯಲ್ಲಿ ಯಾವುದನ್ನು ಮೊದಲು ಆಫ್ ಮಾಡುತ್ತೀರಿ? ಎಲ್ಲ ಆಫ್ ಮಾಡಿ ಒಂದೊಂದೇ ಆನ್ ಮಾಡುವುದಾ, ಎಲ್ಲ ಇಟ್ಟು ಒಂದೊಂದೇ ಆಫ್ ಮಾಡುವುದಾ?

ಅರ್ಧರಾತ್ರಿ_ಡಿಪ್ಲಾಯ್ · 9:52

ಇದರಲ್ಲಿ ಯೋಚನೆ ಮಾಡುವುದು ಏನಿದೆ? ಎರರ್ಸ್ ಓನ್ಲಿ ಅನ್ನುವ ಆಯ್ಕೆ ಇದೆ, ಹಾಕಿ ಮಲಗಿ. ಇ (ಎರರ್) ಮತ್ತು ಎಫ್ (ಫೇಟಲ್) ಬಿಟ್ಟು ಬೇರೆ ಏನೂ ಬರಲ್ಲ.

ಮಲೆನಾಡ_ಜಿಗಣೆ · 10:05

ಅರ್ಧರಾತ್ರಿ ಅವರೇ, ಪೋಸ್ಟ್ ಪೂರ್ತಿ ಓದಿದಿರಾ? ಅವರಿಗೆ ಹೊಡೆತ ಕೊಟ್ಟದ್ದು ಡಬ್ಲ್ಯೂ0102, ವಾರ್ನಿಂಗ್ ಗುಂಪಿನದು. ಡಬ್ಲ್ಯೂ. ನೀವು ಹೇಳಿದ ಹಾಗೆ ಮಾಡಿದರೆ ಆ ಸಾಲು 11,480ರಲ್ಲಿ ಒಂದಾಗಿಯೂ ಇರುವುದಿಲ್ಲ, ಪೂರ್ತಿ ಮಾಯ. ಮೇಲಿಂದ ಆ ಓಪನ್‌ಸಿವಿಯ 600 ಸುಳ್ಳು ದೂರು ಇವೆಯಲ್ಲ, ಅವು ಇ1101, ಎರರ್ ಗುಂಪಿನವು. ಅಂದರೆ ನಿಮ್ಮ ಔಷಧದಿಂದ ಸುಳ್ಳು ಉಳಿಯುತ್ತದೆ, ನಿಜ ಹೋಗುತ್ತದೆ.

ಅರ್ಧರಾತ್ರಿ_ಡಿಪ್ಲಾಯ್ · 10:07

ಒಪ್ಪಿದೆ. ಅರ್ಧ ಓದಿದ್ದೆ. ಬಸ್ಸಿನಲ್ಲಿದ್ದೇನೆ.

ಮಲೆನಾಡ_ಜಿಗಣೆ · 10:21

ಕಾಫಿಪುಡಿ ಅವರೇ, ನಾನು ಟೆಸ್ಟಿಂಗ್ ಕಡೆಯವಳು. ಇಂಥ ಮೂರು ಪ್ರಾಜೆಕ್ಟ್ ಗುಡಿಸಿದ್ದೇನೆ. ನನ್ನ ದಾರಿ ಹೇಳುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ.

ಮೊದಲು ಓಪನ್‌ಸಿವಿ. ಅದು ಸಿ++ನಲ್ಲಿ ಬರೆದ ಲೈಬ್ರರಿ, ಪೈಲಿಂಟ್‌ಗೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಪೈಥಾನ್ ಕೋಡ್ ಓದಿ ತಿಳಿಯುವುದಕ್ಕೆ ಆಗುವುದಿಲ್ಲ. ಎಕ್ಸ್‌ಟೆನ್ಶನ್ ಪ್ಯಾಕೇಜ್ ಅಲೋ ಲಿಸ್ಟ್ ಅನ್ನುವ ಸೆಟ್ಟಿಂಗಿಗೆ ಓಪನ್‌ಸಿವಿಯ ಪೈಥಾನ್ ಹೆಸರು ಸಿವಿ2 ಸೇರಿಸಿ. ಆಗ ಅದನ್ನು ಲೋಡ್ ಮಾಡಿ ನೋಡುತ್ತದೆ. ಅದಕ್ಕೂ ಬಗ್ಗದಿದ್ದರೆ ಜನರೇಟೆಡ್ ಮೆಂಬರ್ಸ್‌ನಲ್ಲಿ ಹಾಕಿ. 600 ಹೋಯಿತು. ಆದರೆ ಇ1101ನ್ನು ಮಾತ್ರ ಪೂರ್ತಿ ಆಫ್ ಮಾಡಬೇಡಿ. ಮೆಥಡ್ ಹೆಸರಲ್ಲಿ ಕಾಗುಣಿತ ತಪ್ಪಿದರೆ ಹಿಡಿದುಕೊಡುವುದು ಅದೇ.

ಹೆಸರಿನ ದೂರು 1,600 ಅಂದಿರಿ. ಯಾವ ಆವೃತ್ತಿ? ಹಳೆಯದಾದರೆ ಮೂರು ಅಕ್ಷರಕ್ಕಿಂತ ಚಿಕ್ಕ ಹೆಸರಿಗೆಲ್ಲ ಬೈಯುತ್ತದೆ. ಡೇಟಾಫ್ರೇಮ್‌ಗೆ ಡಿಎಫ್ ಅಂದರೂ ತಪ್ಪು. 2023ರಲ್ಲಿ ಬಂದ 3.0ರಲ್ಲಿ ಆ ಕನಿಷ್ಠ ಉದ್ದದ ನಿಯಮ ತೆಗೆದರು.

ಡಾಕ್‌ಸ್ಟ್ರಿಂಗ್‌ಗೆ ಡಾಕ್‌ಸ್ಟ್ರಿಂಗ್ ಮಿನ್ ಲೆಂತ್ ಅಂತ ಸೆಟ್ಟಿಂಗ್ ಇದೆ. ಹತ್ತು ಅಂತ ಕೊಡಿ, ಹತ್ತು ಸಾಲಿಗಿಂತ ಚಿಕ್ಕ ಫಂಕ್ಷನ್‌ಗಳನ್ನು ಬಿಟ್ಟುಬಿಡುತ್ತದೆ. ಸಾಲಿನ ಉದ್ದ ಬ್ಲ್ಯಾಕ್‌ನಂಥ, ಕೋಡ್ ತಾನೇ ಜೋಡಿಸುವ ಫಾರ್ಮ್ಯಾಟರ್ ನೋಡಿಕೊಳ್ಳಲಿ, ಲಿಂಟರ್‌ಗೆ ಆ ಕೆಲಸ ಯಾಕೆ?

ಇಷ್ಟಕ್ಕೇ ಮುಕ್ಕಾಲು ಭಾಗ ಇಳಿಯುತ್ತದೆ ನೋಡಿ.

ಕಾಫಿಪುಡಿ · 10:30

ಮೇಡಂ, ಕೈ ಮುಗಿದೆ. ಆವೃತ್ತಿ 2.4. ನಗಬೇಡಿ.

ತಾಳ್ಮೆಯಿಲ್ಲದವ · 10:34

2.4 ಅಂದರೆ 2019ರದ್ದು. ಮ್ಯೂಸಿಯಂಗೆ ಕೊಡಿ.

ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ರಫ್‌ಗೆ ಬನ್ನಿ, ಅದೂ ಪೈಥಾನ್ ಲಿಂಟರೇ. ರಸ್ಟ್ ಭಾಷೆಯಲ್ಲಿ ಬರೆದದ್ದು. ನಿಮ್ಮ 38,000 ಸಾಲನ್ನು ನೀವು ಎಂಟರ್ ಒತ್ತಿ ಬೆರಳು ತೆಗೆಯುವ ಮೊದಲೇ ಮುಗಿಸುತ್ತದೆ. ಮುಖ್ಯವಾಗಿ ಅದರ ಡಿಫಾಲ್ಟ್ ಮರ್ಯಾದಸ್ಥ. 800ಕ್ಕೂ ಜಾಸ್ತಿ ನಿಯಮ ಒಳಗಿವೆ, ಆದರೆ ಕೇಳದೆ ತೋರಿಸುವುದು ಕೆಲವೇ ಕೆಲವು. ಪೈಲಿಂಟ್ ಹಾಗಲ್ಲ, ಮದುವೆ ಮನೆಗೆ ಬಂದ ದೂರದ ನೆಂಟರ ಥರ. ಕೂತ ಕಡೆಯಿಂದಲೇ ಎಲ್ಲದಕ್ಕೂ ಕೊಂಕು.

ಮಲೆನಾಡ_ಜಿಗಣೆ · 10:41

ರಫ್ ನನಗೂ ಇಷ್ಟ. ಆದರೆ ಅದರ ಡಿಫಾಲ್ಟ್‌ನಲ್ಲಿ ಇರುವುದು ಎಫ್ ಗುಂಪು, ಜತೆಗೆ ಇ4, ಇ7, ಇ9. ಖಾಲಿ ಲಿಸ್ಟ್ ಡಿಫಾಲ್ಟ್ ಹಿಡಿಯುವ ನಿಯಮ ಬಿ006, ಬಗ್‌ಬೇರ್ ಗುಂಪಿನದು. ನಾವೇ ಆನ್ ಮಾಡದೆ ಬರುವುದಿಲ್ಲ.

ಹಾಗಾಗಿ ಮರ್ಯಾದಸ್ಥ ರಫ್ ಕೂಡ ಕಾಫಿಪುಡಿ ಅವರ ಬಗ್ ನೋಡಿ ಸುಮ್ನೆ ಕೂತಿರುತ್ತಿತ್ತು.

ತಾಳ್ಮೆಯಿಲ್ಲದವ · 10:43

ಈಗಷ್ಟೇ ಓಡಿಸಿ ನೋಡಿದೆ. ನೀವು ಹೇಳಿದ್ದು ನಿಜ. ಛೇ.

ಸಿ_ಮೇಷ್ಟ್ರು · 11:15

ನಿಮ್ಮ ಜಗಳ ನೋಡಿ ನಗು ಬಂತು. ಇದು ಪೈಥಾನ್‌ನವರ ಹೊಸ ಕಾಯಿಲೆ ಅಲ್ಲ. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಸಿ ಭಾಷೆಗೆ ಲಿಂಟ್ ಬರೆದರು. ಲಿಂಟ್ ಅಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರು. ಕಂಪೈಲರ್ ತನ್ನ ಪಾಡಿಗೆ ಬೇಗ ಕೆಲಸ ಮುಗಿಸಲಿ, ಚೂರು ಹೆಕ್ಕುವುದಕ್ಕೆ ಬೇರೆ ಪ್ರೋಗ್ರಾಂ ಇರಲಿ ಅನ್ನುವುದು ಆಗಿನ ಲೆಕ್ಕ. ಬೇಕೆಂದವರು ಓಡಿಸುತ್ತಿದ್ದರು. ಈಗ ಸಿಐನಲ್ಲಿ ಪ್ರತಿ ಕಮಿಟ್‌ಗೂ ಓಡುತ್ತದೆ, ಕೇಳದವರ ಕಿವಿಗೂ ಬೀಳುತ್ತದೆ.

ಇನ್ನೊಂದು ಮಾತು. ಡಿಫಾಲ್ಟ್ ಕಡಿಮೆ ಇದ್ದರೆ ಒಳ್ಳೆಯದು ಅಂತ ಎಲ್ಲರೂ ತಲೆ ಆಡಿಸುತ್ತಿದ್ದೀರಿ. ಸಿ ಕಂಪೈಲರ್ ಜಿಸಿಸಿಯಲ್ಲಿ ಎಚ್ಚರಿಕೆ ಆನ್ ಮಾಡುವ -ಡಬ್ಲ್ಯೂಆಲ್ ಅಂತ ಇದೆ. ಹೆಸರು ಆಲ್, ಆದರೆ ಎಲ್ಲ ಬರುವುದಿಲ್ಲ. ಅದರ ಮೇಲೆ ಎಕ್ಸ್‌ಟ್ರಾ ಅಂತ ಇನ್ನೊಂದು. ಅದರಾಚೆಗೂ ಬೇಕಾದಷ್ಟು. ಇನ್ನೊಂದು ಕಂಪೈಲರ್ ಕ್ಲ್ಯಾಂಗ್‌ನವರು ಕೊನೆಗೆ -ಡಬ್ಲ್ಯೂಎವೆರಿಥಿಂಗ್ ಅಂತಲೇ ಒಂದು ಮಾಡಿದರು.

2014ರ ಫೆಬ್ರುವರಿಯಲ್ಲಿ ಆ್ಯಪಲ್‌ನ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಕೋಡ್‌ನಲ್ಲಿ ಸಿಕ್ಕ ತಪ್ಪು ನೆನಪಿದೆಯಾ? ಗೋಟು ಫೇಲ್ ಅನ್ನುವ ಸಾಲು ಎರಡು ಸಲ ಬಿದ್ದಿತ್ತು. ಮೊದಲನೆಯದು ಇಫ್‌ಗೆ ಸೇರಿದ್ದು. ಎರಡನೆಯದು ಯಾರಿಗೂ ಸೇರಿದ್ದಲ್ಲ, ಯಾವಾಗಲೂ ಓಡುತ್ತದೆ. ಅದರ ಕೆಳಗಿದ್ದ ಸಹಿ ಪರೀಕ್ಷೆಯ ಕೋಡ್‌ಗೆ ಸರದಿ ಬರುವುದೇ ಇಲ್ಲ. ಇಲ್ಲಿಗೆ ಯಾರೂ ತಲುಪಲ್ಲ ಅಂತ ಹೇಳುವ ಎಚ್ಚರಿಕೆ ಕ್ಲ್ಯಾಂಗ್‌ನಲ್ಲಿ ಇತ್ತು. ಆದರೆ -ಡಬ್ಲ್ಯೂಆಲ್‌ನಲ್ಲಿ ಇರಲಿಲ್ಲ. ಗಲಾಟೆ ಜಾಸ್ತಿ ಆಗಬಾರದು ಅಂತ ಹೊರಗಿಟ್ಟ ಎಚ್ಚರಿಕೆಗಳಲ್ಲಿ ಅದೂ ಒಂದು!

ಜಿಸಿಸಿಯದ್ದು ಇನ್ನೂ ತಮಾಷೆ. ಅದೇ ಹೆಸರಿನ ಫ್ಲಾಗ್ ಕೊಟ್ಟರೆ ಬೇಡ ಅನ್ನುವುದಿಲ್ಲ, ತೆಗೆದುಕೊಳ್ಳುತ್ತದೆ. ಆದರೆ ಏನೂ ಮಾಡುವುದಿಲ್ಲ. ಆ ಸೌಕರ್ಯವನ್ನು ಎಂದೋ ಕಿತ್ತುಹಾಕಿದ್ದಾರೆ. 2016ರಲ್ಲಿ ಜಿಸಿಸಿ 6ರಲ್ಲಿ ಇಂಡೆಂಟೇಶನ್ ಮೋಸ ಮಾಡುತ್ತಿದೆ ಅನ್ನುವ ಹೊಸ ಎಚ್ಚರಿಕೆ ತಂದು -ಡಬ್ಲ್ಯೂಆಲ್‌ಗೆ ಸೇರಿಸಿದರು. ಈಗ ಗೋಟು ಫೇಲ್ ಬರೆದರೆ ಹಿಡಿಯುತ್ತದೆ.

ಹೊಸಬ_24 · 11:20

ಮೇಷ್ಟ್ರೇ, ಕೊಟ್ಟ ಫ್ಲಾಗ್ ತೆಗೆದುಕೊಂಡು ಏನೂ ಮಾಡದೆ ಇರುವುದು ನಮ್ಮ ಮನೆಯಲ್ಲಿ ನಾನು.

ಒಗ್ಗರಣೆ_ಸೌಟು · ಮಂಗಳವಾರ ಬೆಳಗ್ಗೆ 7:10

ಕೋಡ್ ನನಗೆ ಅಷ್ಟಕ್ಕಷ್ಟೇ, ಡೇಟಾ ಕಡೆಯವಳು. ಆದರೆ ಇದು ನಮ್ಮ ಅಪಾರ್ಟ್‌ಮೆಂಟ್ ಕಥೆಯೇ. ಯಾರ ಮನೆಯಲ್ಲಿ ಒಣಮೆಣಸಿನ ಒಗ್ಗರಣೆ ಬಿದ್ದರೂ ಫೈರ್ ಅಲಾರಂ. ಮೊದಲ ವಾರ ಎಲ್ಲರೂ ಚಪ್ಪಲಿ ಹಾಕದೆ ಕೆಳಗೆ ಓಡಿದೆವು. ಎರಡನೆಯ ವಾರ ಬಾಲ್ಕನಿಯಿಂದ ಇಣುಕಿದೆವು. ಮೂರನೆಯ ವಾರ ವಾಚ್‌ಮನ್ ಒಂದು ವೈರ್ ಕಿತ್ತರು. ಎಲ್ಲರೂ ಅವರಿಗೆ ಥ್ಯಾಂಕ್ಸ್ ಹೇಳಿದೆವು. ಆಮೇಲೆ ಒಂದು ದಿನ ಎರಡನೆಯ ಮಹಡಿಯ ಮೀಟರ್ ಬೋರ್ಡ್ ನಿಜವಾಗಿ ಹೊತ್ತಿಕೊಂಡಿತು. ಗೊತ್ತಾದದ್ದು ವಾಸನೆಯಿಂದ.

ಅರ್ಧರಾತ್ರಿ_ಡಿಪ್ಲಾಯ್ · 7:25

ಒಣಮೆಣಸು ಬ್ಯಾಡಗಿಯಾ ಗುಂಟೂರಾ? ಬ್ಯಾಡಗಿಗೆ ಅಷ್ಟು ಘಾಟು ಬರಲ್ಲ.

ಒಗ್ಗರಣೆ_ಸೌಟು · 7:31

ಎಣ್ಣೆ ಕಾದದ್ದು ಜಾಸ್ತಿ ಆದರೆ ಬ್ಯಾಡಗಿಯೂ ಕೆಮ್ಮಿಸುತ್ತದೆ ಕಣ್ರೀ.

ನೋಡ್_ನಂಜ · 8:50

ಜಾವಾಸ್ಕ್ರಿಪ್ಟ್ ಕಡೆಯಿಂದ ಒಂದು ಮಾತು. ಅಲ್ಲಿನ ಲಿಂಟರ್ ಇಎಸ್‌ಲಿಂಟ್ 2013ರಲ್ಲಿ ಶುರುವಾದದ್ದು. ಮೊದಲು ಅದರಲ್ಲೂ ಕೆಲವು ನಿಯಮ ತಾವಾಗಿಯೇ ಆನ್ ಇದ್ದವು. 2015ರಲ್ಲಿ 1.0 ಬಂದಾಗ ಎಲ್ಲ ಆಫ್ ಮಾಡಿದರು. ಬೇಕಿದ್ದರೆ ರೆಕಮೆಂಡೆಡ್ ಅನ್ನುವ ಗುಂಪನ್ನು ನಾವೇ ಕರೆಯಬೇಕು. ಆ ಗುಂಪಿನಲ್ಲೂ ಕನ್ಸೋಲ್ ಬಳಸಬೇಡ ಅನ್ನುವ ನಿಯಮ ಇತ್ತು, 2019ರಲ್ಲಿ 6.0 ಬಂದಾಗ ಅದನ್ನೂ ತೆಗೆದರು. ಸರ್ವರ್ ಬರೆಯುವವರಿಗೆ ಕನ್ಸೋಲ್ ಬಿಟ್ಟರೆ ಗತಿ ಯಾರು?

ಪೈಲಿಂಟ್‌ನವರಿಗೆ ಇದು ಯಾಕೆ ಹೊಳೆಯಲಿಲ್ಲ?

ಮಲೆನಾಡ_ಜಿಗಣೆ · 9:20

ಹೊಳೆದಿದೆ ನಂಜಣ್ಣ, ನಿಧಾನ ಅಷ್ಟೇ. 2020ರಲ್ಲಿ 2.6ರಲ್ಲಿ ಸ್ಪೇಸ್ ಮತ್ತು ಸಾಲು ಮುರಿಯುವ ನಿಯಮಗಳನ್ನು ಕಿತ್ತರು. ಬ್ಲ್ಯಾಕ್ ಒಂದು ಥರ ಸಾಲು ಮುರಿಯುತ್ತಿತ್ತು, ಪೈಲಿಂಟ್ ಅದಕ್ಕೆ ಬೈಯುತ್ತಿತ್ತು. ಎರಡು ಟೂಲ್ ಜಗಳಕ್ಕೆ ಮಧ್ಯದಲ್ಲಿ ನಾವು ಕಾನ್ಫಿಗ್ ಬರೆಯುತ್ತಿದ್ದೆವು. 2022ರಲ್ಲಿ 2.14ರಲ್ಲಿ ಮೆಥಡ್ ಒಳಗೆ ಸೆಲ್ಫ್ ಬಳಸಿಲ್ಲ ಅನ್ನುವ ದೂರನ್ನು ಬೇಕಾದವರು ಮಾತ್ರ ಹಾಕಿಕೊಳ್ಳುವ ಎಕ್ಸ್‌ಟೆನ್ಶನ್‌ಗೆ ಸಾಗಿಸಿದರು.

ಇನ್ನೂ ಮಜಾ ಬೇಕಿದ್ದರೆ ಫ್ಲೇಕ್8 ಅನ್ನುವ ಇನ್ನೊಂದು ಪೈಥಾನ್ ಲಿಂಟರ್ ನೋಡಿ. ಸಾಲು ಮುರಿಯುವಾಗ ಪ್ಲಸ್, ಆ್ಯಂಡ್ ಥರದ ಆಪರೇಟರ್‌ಗೆ ಮೊದಲು ಮುರಿದರೆ ಡಬ್ಲ್ಯೂ503. ನಂತರ ಮುರಿದರೆ ಡಬ್ಲ್ಯೂ504. ಎರಡೂ ಆನ್ ಇದ್ದರೆ ಹೇಗೆ ಬರೆದರೂ ತಪ್ಪೇ! ಅದಕ್ಕೇ ಎರಡನ್ನೂ ಡಿಫಾಲ್ಟ್ ಇಗ್ನೋರ್ ಪಟ್ಟಿಯಲ್ಲಿ ಇಟ್ಟಿದ್ದಾರೆ. ನೀವು ನಿಮ್ಮದೊಂದು ಇಗ್ನೋರ್ ಪಟ್ಟಿ ಬರೆದಿರೋ, ಆ ಡಿಫಾಲ್ಟ್ ಪಟ್ಟಿ ಹಾರಿಹೋಗಿ ಎರಡೂ ಎದ್ದು ಕೂರುತ್ತವೆ. ಎಕ್ಸ್‌ಟೆಂಡ್ ಇಗ್ನೋರ್ ಬಳಸಬೇಕು. ನಾನು ಇದಕ್ಕೆ ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಧೂಳು_ಗುಡಿಸು · 9:45

ನಾನು ವಿರುದ್ಧ ಪಕ್ಷ. ನೀವೆಲ್ಲ ಥರ್ಮಾಮೀಟರ್ ಒಡೆದು ಜ್ವರ ಇಳಿಯಿತು ಅನ್ನುತ್ತಿದ್ದೀರಿ. 11,480 ಇದ್ದರೆ 11,480 ಸರಿ ಮಾಡಿ. ನಮ್ಮ ತಂಡ ದಿನಕ್ಕೆ ಐವತ್ತು ಅಂತ ಮಾಡಿ ಮುಗಿಸಿತು. ಡಾಕ್‌ಸ್ಟ್ರಿಂಗ್ ಬರೆಯಲು ಸೋಮಾರಿತನ, ಅದಕ್ಕೆ ಗಲಾಟೆ ಅಂತ ಹೆಸರು.

ಅರ್ಧರಾತ್ರಿ_ಡಿಪ್ಲಾಯ್ · 9:58

ಅಣ್ಣಾ, ನಮ್ಮ ಹಳೆಯ ಕಂಪನಿಯಲ್ಲಿ ಹೀಗೇ ಆಯಿತು. ಮ್ಯಾನೇಜರ್‌ಗೆ ಪೈಲಿಂಟ್ ಅಂಕ ಹತ್ತಕ್ಕೆ ಹತ್ತು ಬೇಕಿತ್ತು, ಅಪ್ರೈಸಲ್‌ಗೆ ಸೇರಿಸಿದ್ದರು. ಒಬ್ಬ ಹುಡುಗ ಸ್ಕ್ರಿಪ್ಟ್ ಬರೆದು ಎಲ್ಲ ಫಂಕ್ಷನ್‌ಗೂ ಡಾಕ್‌ಸ್ಟ್ರಿಂಗ್ ತುಂಬಿಸಿದ. ಗೆಟ್ ಯೂಸರ್ ಅನ್ನುವ ಫಂಕ್ಷನ್‌ಗೆ ಏನು ಗೊತ್ತಾ? "ಇದು ಯೂಸರ್ ಅನ್ನು ಗೆಟ್ ಮಾಡುತ್ತದೆ." ಅಂಕ ಬಂತು, ಕೇಕ್ ತಿಂದೆವು.

ಒಂದು ವರ್ಷದ ಮೇಲೆ ಆ ಫಂಕ್ಷನ್ ಸೆಷನ್ ಮುಗಿದ ಯೂಸರ್‌ಗಳನ್ನು ಅಳಿಸುವುದಕ್ಕೂ ಶುರು ಮಾಡಿತ್ತು. ಡಾಕ್‌ಸ್ಟ್ರಿಂಗ್ ಮಾತ್ರ ಈಗಲೂ ಗೆಟ್ ಮಾಡುತ್ತಲೇ ಇದೆ.

ಮಲೆನಾಡ_ಜಿಗಣೆ · 10:10

ಅಂಕದ ಲೆಕ್ಕ ಯಾರಾದರೂ ನೋಡಿದ್ದೀರಾ? ಎರರ್ ಸಂಖ್ಯೆಯನ್ನು ಐದರಿಂದ ಗುಣಿಸಿ, ಅದಕ್ಕೆ ವಾರ್ನಿಂಗ್, ರಿಫ್ಯಾಕ್ಟರ್, ಕನ್ವೆನ್ಶನ್ ಸೇರಿಸಿ, ಸ್ಟೇಟ್‌ಮೆಂಟ್ ಸಂಖ್ಯೆಯಿಂದ ಭಾಗಿಸಿ, ಹತ್ತರಿಂದ ಗುಣಿಸಿ, ಹತ್ತರಲ್ಲಿ ಕಳೆಯಬೇಕು. ಅಂದರೆ 100 ಸ್ಟೇಟ್‌ಮೆಂಟ್ ಇರುವ ಫೈಲಿನಲ್ಲಿ ಪ್ರೋಗ್ರಾಂ ಬೀಳಿಸುವ ಒಂದು ಎರರ್‌ಗೆ ಅರ್ಧ ಅಂಕ. ಐದು ಡಾಕ್‌ಸ್ಟ್ರಿಂಗ್ ಮರೆತರೂ ಅರ್ಧ ಅಂಕ. ಕಾಫಿಪುಡಿ ಅವರ ಡಬ್ಲ್ಯೂ0102 ಇದೆಯಲ್ಲ, ಅದಕ್ಕೂ ಒಂದು ಉದ್ದ ಸಾಲಿಗೂ ಇದರ ಕಣ್ಣಿನಲ್ಲಿ ಒಂದೇ ಬೆಲೆ.

ಈ ಅಂಕವನ್ನು ಅಪ್ರೈಸಲ್‌ಗೆ ಹಾಕಿದವರಿಗೆ ಏನು ಹೇಳುವುದು.

ಹೊಸಬ_24 · 10:14

ನನ್ನ ಕಾಲೇಜ್ ಪ್ರಾಜೆಕ್ಟ್‌ಗೆ ಮೈನಸ್ 3 ಬಂದಿತ್ತು. ಹತ್ತಕ್ಕೆ ಮೈನಸ್ ಮೂರು. ಅಪ್ಪನಿಗೆ ತೋರಿಸಲಿಲ್ಲ.

ತಾಳ್ಮೆಯಿಲ್ಲದವ · 10:16

ಈಗಿನ ಆವೃತ್ತಿಗಳಲ್ಲಿ ಸೊನ್ನೆಗಿಂತ ಕೆಳಗೆ ಹೋಗಲ್ಲ. ನಿನ್ನಂಥವರ ಮೇಲೆ ಕರುಣೆ ಬಂದು ಸರಿ ಮಾಡಿದ್ದಾರೆ.

ಧೂಳು_ಗುಡಿಸು · 10:40

ಸರಿ, ಸ್ಕ್ರಿಪ್ಟ್ ಹುಡುಗನ ಕಥೆ ಇರಲಿ. ಆದರೆ ಎಚ್ಚರಿಕೆ ಬಾಯಿ ಮುಚ್ಚಿಸುವುದರ ಕಥೆ ನನ್ನ ಹತ್ತಿರವೂ ಇದೆ, ಇನ್ನೂ ದೊಡ್ಡದು. 2006ರಲ್ಲಿ ಡೆಬಿಯನ್ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರಿಗೆ ಒಂದು ಎಚ್ಚರಿಕೆ ಕಾಟ ಕೊಡುತ್ತಿತ್ತು. ಬೆಲೆ ತುಂಬದ ಮೆಮೊರಿ ಓದುತ್ತಿದ್ದೀರಿ ಅಂತ. ಎರಡು ಸಾಲು ಕಾಮೆಂಟ್ ಮಾಡಿದರು. ಎಚ್ಚರಿಕೆ ನಿಂತಿತು. ಜತೆಗೆ ರ‍್ಯಾಂಡಂ ಸಂಖ್ಯೆಗೆ ಸೇರಬೇಕಿದ್ದ ಸರಕೂ ನಿಂತಿತು. ಉಳಿದದ್ದು ಪ್ರೋಸೆಸ್ ಐಡಿ ಮಾತ್ರ. ಅಂದರೆ ಒಂದು ಬಗೆಯ ಕೀಗೆ ಹೆಚ್ಚೆಂದರೆ 32,768 ಸಾಧ್ಯತೆ. 2008ರ ಮೇ ತನಕ ಯಾರಿಗೂ ಗೊತ್ತಾಗಲಿಲ್ಲ. ಉಬುಂಟು ಕೂಡ ಅದನ್ನೇ ಹೊತ್ತುಕೊಂಡಿತ್ತು. ಪ್ರಪಂಚದಲ್ಲೆಲ್ಲ ಎಸ್‌ಎಸ್‌ಎಚ್ ಕೀ ಬದಲಾಯಿಸುತ್ತ ಕೂತರು.

ಆಫ್ ಮಾಡುವ ಮುಂಚೆ ಅದು ಯಾಕೆ ಬಂತು ಅಂತ ತಿಳಿದುಕೊಳ್ಳಿ ಅನ್ನುವುದಷ್ಟೇ ನನ್ನ ಮಾತು.

ಸಿ_ಮೇಷ್ಟ್ರು · 11:05

ಒಂದು ತಿದ್ದುಪಡಿ. ಆ ಎಚ್ಚರಿಕೆ ಕೊಟ್ಟದ್ದು ವಾಲ್‌ಗ್ರೈಂಡ್ ಮತ್ತು ಪ್ಯೂರಿಫೈ. ಅವು ಪ್ರೋಗ್ರಾಂ ಓಡುವಾಗ ನೋಡುವ ಟೂಲ್‌ಗಳು. ಕೋಡ್ ಓದಿ ಹೇಳುವ ಲಿಂಟರ್ ಅಲ್ಲ.

ಇನ್ನೊಂದು, ಆ ಎರಡು ಸಾಲಿನಲ್ಲಿ ಒಂದನ್ನು ತೆಗೆದಿದ್ದರೆ ಏನೂ ಆಗುತ್ತಿರಲಿಲ್ಲ. ಅಲ್ಲಿ ನಿಜವಾಗಿಯೂ ಬೆಲೆ ತುಂಬದ ಬಫರ್ ಇತ್ತು. ಇನ್ನೊಂದು ಸಾಲು ನೋಡುವುದಕ್ಕೆ ಹಾಗೇ ಇತ್ತು, ಆದರೆ ನಿಜವಾದ ಸರಕು ಒಳಗೆ ಹೋಗುತ್ತಿದ್ದ ಬಾಗಿಲು ಅದು. ಇಂಥ ಕಡೆ ಒಟ್ಟಿಗೆ ಗುಡಿಸಿದರೆ ಹೀಗೇ. ಧೂಳು ಗುಡಿಸು ಅವರೇ, ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ, ಹೆಸರಿಗೆ ಮಾತ್ರ ಇಲ್ಲ.

ಬೋರ್ಡಿನ_ಬಳಪ · ಮಧ್ಯಾಹ್ನ 1:30

ವಿಷಯ ಸ್ವಲ್ಪ ಪಕ್ಕಕ್ಕೆ ಎಳೆಯುತ್ತಿದ್ದೇನೆ, ಕ್ಷಮಿಸಿ. ನಾನು ಹೈಸ್ಕೂಲ್ ಮಕ್ಕಳಿಗೆ ಶನಿವಾರ ಪೈಥಾನ್ ಹೇಳಿಕೊಡುತ್ತೇನೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದಲ್ಲ. ಮೊತ್ತ, ಬೆಲೆ, ಸರಾಸರಿ ಅಂತ ಬರೆಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಲ್ಯಾಬ್‌ನ ಎಡಿಟರ್‌ನಲ್ಲಿ ಪೈಲಿಂಟ್ ಇತ್ತು. ಒಂದೊಂದು ಹೆಸರಿನ ಕೆಳಗೂ ಗೆರೆ! ನಾನ್ ಆಸ್ಕಿ ನೇಮ್, ಅಂದರೆ ಇಂಗ್ಲಿಷ್ ಅಕ್ಷರ ಅಲ್ಲದ ಹೆಸರು ಅಂತ. "ಮಿಸ್, ಕನ್ನಡ ತಪ್ಪಾ?" ಅಂತ ಒಂದು ಹುಡುಗಿ ಕೇಳಿದಳು. ಏನು ಹೇಳಲಿ?

ಮಲೆನಾಡ_ಜಿಗಣೆ · 1:42

ಸಿ2401. ಅದು ಡಿಫಾಲ್ಟ್ ಆಗಿ ಆನ್ ಇರುತ್ತದೆ. ಹಲವು ದೇಶದವರು ಸೇರಿ ಬರೆಯುವ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಅರ್ಥ ಇದೆ. ಲ್ಯಾಟಿನ್ ಎ ಥರವೇ ಕಾಣುವ ರಷ್ಯನ್ ಅಕ್ಷರ ಹೆಸರಿನೊಳಗೆ ಸೇರಿಕೊಂಡರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನಿಮ್ಮ ಶನಿವಾರದ ಕ್ಲಾಸಿಗೆ ಅದು ಶುದ್ಧ ಗಲಾಟೆ. ಪ್ರಾಜೆಕ್ಟ್ ಫೋಲ್ಡರ್‌ನ ಕಾನ್ಫಿಗ್‌ನಲ್ಲಿ ಅದೊಂದನ್ನು ಆಫ್ ಮಾಡಿ ಮೇಡಂ. ಆ ಹುಡುಗಿಗೆ ಹೇಳಿ, ತಪ್ಪು ಎಡಿಟರ್‌ದು ಅಂತ.

ತಾಳ್ಮೆಯಿಲ್ಲದವ · 1:50

ಒಂದು ಎಚ್ಚರಿಕೆ. ಅರ್ಕಾವೊತ್ತು ಬಿಡಿಸಿ ಬರೆಯಲು ನಾವು ಒತ್ತುವ ಆ ಕಾಣದ ಅಕ್ಷರ ಇದೆಯಲ್ಲ, ಜಾಯಿನ್ ಆಗದಂತೆ ತಡೆಯುವುದು, ಅದು ಹೆಸರಿನೊಳಗೆ ಬಂದರೆ ಲಿಂಟರ್ ಅಲ್ಲ, ಪೈಥಾನೇ ನಿಂತುಬಿಡುತ್ತದೆ. 'ಪಾಸ್‌ಆದವರು' ಅಂತ ಹೆಸರು ಕೊಟ್ಟೆ, ಯು+200ಸಿ ಒಪ್ಪಲ್ಲ ಅಂದಿತು. 'ಪಾಸಾದವರು' ಅಂದರೆ ಓಡಿತು.

ಸಿ_ಮೇಷ್ಟ್ರು · 2:02

ಅರ್ಕಾವೊತ್ತು ಬಿಡಿಸುವುದಕ್ಕೆ ಅಲ್ಲ, ಒತ್ತಕ್ಷರ ಆಗದಂತೆ ತಡೆಯುವುದಕ್ಕೆ. ಅರ್ಕಾವೊತ್ತಿನ ಲೆಕ್ಕ ಬೇರೆ.

ತಾಳ್ಮೆಯಿಲ್ಲದವ · 2:03

ಮೇಷ್ಟ್ರು ನನಗೇ ಲಿಂಟ್ ಓಡಿಸಿದರು.

ಬೋರ್ಡಿನ_ಬಳಪ · 2:10

ಆಫ್ ಮಾಡಿದೆ. ಶನಿವಾರ ಹೇಳುತ್ತೇನೆ. ಧನ್ಯವಾದ!

ನೋಡ್_ನಂಜ · ಸಂಜೆ 6:15

ಮೂಲ ವಿಷಯಕ್ಕೆ ಬರೋಣ. ಹಳೆಯದನ್ನು ಸರಿ ಮಾಡುವುದು, ಬಿಡುವುದು ಆಮೇಲೆ. ಮೊದಲು ಹೊಸ ಕೋಡ್‌ಗೆ ಮಾತ್ರ ಎಚ್ಚರಿಕೆ ತೋರಿಸಿ. ಫೇಸ್‌ಬುಕ್‌ನವರು ಇನ್ಫರ್ ಅನ್ನುವ ಟೂಲ್ ಮಾಡಿದಾಗ ಮೊದಲು ರಾತ್ರಿ ಇಡೀ ಓಡಿಸಿ ಬೆಳಗ್ಗೆ ಪಟ್ಟಿ ಕೊಡುತ್ತಿದ್ದರು. ಸರಿಪಡಿಸಿದವರು ಹತ್ತಿರ ಹತ್ತಿರ ಯಾರೂ ಇಲ್ಲ. ಅದೇ ದೂರನ್ನು ಕೋಡ್ ರಿವ್ಯೂ ಸಮಯದಲ್ಲಿ, ಬದಲಾದ ಸಾಲಿನ ಪಕ್ಕದಲ್ಲೇ ತೋರಿಸಿದರು. ಸುಮಾರು 70% ಸರಿಯಾಗತೊಡಗಿತು. ಟೂಲ್ ಅದೇ, ಜನ ಅವರೇ. ಹೇಳುವ ಹೊತ್ತು ಬೇರೆ.

ಪೈಥಾನ್‌ಗೆ ಡಿಫ್ ಕವರ್ ಅನ್ನುವ ಪ್ಯಾಕೇಜ್ ಇದೆ. ಅದರ ಜತೆ ಬರುವ ಡಿಫ್ ಕ್ವಾಲಿಟಿ ಪೈಲಿಂಟ್ ವರದಿ ಓದಿ ನೀವು ಮುಟ್ಟಿದ ಸಾಲುಗಳದ್ದನ್ನು ಮಾತ್ರ ಹೇಳುತ್ತದೆ.

ಧೂಳು_ಗುಡಿಸು · 6:40

ಹಾಗೆ ಮಾಡಿದ್ದರೆ ಆ ಖಾಲಿ ಲಿಸ್ಟ್ ಹಳೆಯ ಕೋಡ್‌ನಲ್ಲೇ ಉಳಿಯುತ್ತಿತ್ತು. ಬಿಲ್ ಆಗಲೂ ತಪ್ಪು.

ನೋಡ್_ನಂಜ · 6:44

ಏಳು ತಿಂಗಳಿನಿಂದ ಹೇಳುತ್ತಿತ್ತು ಅಂದರೆ ಏಳು ತಿಂಗಳ ಹಿಂದೆ ಅದೂ ಹೊಸ ಕೋಡೇ ಆಗಿತ್ತು ಅಣ್ಣ.

ಧೂಳು_ಗುಡಿಸು · 6:50

ಹೌದಲ್ಲ. ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಆದರೂ ಅದಕ್ಕಿಂತ ಹಳೆಯವು ಇರುತ್ತವೆ.

ಕಾಫಿಪುಡಿ · ಶುಕ್ರವಾರ ರಾತ್ರಿ 10:20

ನಾಲ್ಕು ದಿನ ಕೂತು ಮಾಡಿದ್ದನ್ನು ಹೇಳುತ್ತೇನೆ.

ಪೈಲಿಂಟ್ ಹೊಸ ಆವೃತ್ತಿ ಹಾಕಿದೆ. ಓಪನ್‌ಸಿವಿ ಸೆಟ್ಟಿಂಗ್, ಡಾಕ್‌ಸ್ಟ್ರಿಂಗ್ ಹತ್ತು ಸಾಲು, ಸಾಲಿನ ಉದ್ದ ಬ್ಲ್ಯಾಕ್‌ಗೆ. ಮೆಥಡ್ ಕಡಿಮೆ ಅನ್ನುವ ದೂರು ಪೂರ್ತಿ ಆಫ್. ನಮ್ಮ ಡೇಟಾ ಕ್ಲಾಸ್‌ಗಳಿಗೆ ಮೆಥಡ್ ಬೇಕಿಲ್ಲ, ಅದು ಸುಮ್ನೆ ಬಡಕೊಳ್ಳುತ್ತಿತ್ತು. ಎಫ್-ಸ್ಟ್ರಿಂಗ್ ಲಾಗಿಂಗ್ ದೂರಿನ ಬಗ್ಗೆ ತಂಡದಲ್ಲಿ ಒಂದು ಗಂಟೆ ಜಗಳ. ಲಾಗ್ ಲೆವೆಲ್ ಆಫ್ ಇದ್ದರೂ ಸ್ಟ್ರಿಂಗ್ ಕಟ್ಟುತ್ತದೆ, ಸಮಯ ದಂಡ ಅಂತ ಒಬ್ಬರು. ನಮ್ಮ ವೇಗಕ್ಕೆ ಅದೊಂದು ಲೆಕ್ಕವಾ ಅಂತ ಇನ್ನೊಬ್ಬರು. ಕೊನೆಗೆ ಆಫ್.

11,480 ಇದ್ದದ್ದು 1,130ಕ್ಕೆ ಬಂತು.

ಮುಖ್ಯವಾದದ್ದು, ಫೇಲ್ ಆನ್ ಅನ್ನುವ ಸೆಟ್ಟಿಂಗಿನಲ್ಲಿ ಇ ಗುಂಪು, ಡಬ್ಲ್ಯೂ0102, ಜತೆಗೆ ಲೂಪಿನ ವೇರಿಯಬಲ್ ಹಿಡಿದುಕೊಳ್ಳುವ ಡಬ್ಲ್ಯೂ0640 ಹಾಕಿದೆವು. ಇವು ಬಂದರೆ ಅಂಕ ಎಷ್ಟೇ ಇರಲಿ, ಬಿಲ್ಡ್ ಕೆಂಪು. ಉಳಿದವು ಬದಲಾದ ಸಾಲಿಗೆ ಮಾತ್ರ, ನಂಜಣ್ಣ ಹೇಳಿದ ಹಾಗೆ.

ಅದನ್ನು ಆನ್ ಮಾಡಿದ ಮೊದಲ ಸಲವೇ ಬಿಲ್ಡ್ ಕೆಂಪಾಯಿತು. ಇನ್ನೂ ಎರಡು ಕಡೆ ಡಬ್ಲ್ಯೂ0102. ಧೂಳು ಗುಡಿಸು ಅವರೇ, ಒಂದು ಮೂರು ವರ್ಷ ಹಳೆಯದು, ನೀವು ಗೆದ್ದಿರಿ. ಇನ್ನೊಂದು ಹೋದ ವಾರದ್ದು. ಬರೆದವರ ಹೆಸರು ನೋಡಿದೆ. ನಾನೇ.

ಅರ್ಧರಾತ್ರಿ_ಡಿಪ್ಲಾಯ್ · 10:24

😂😂 ಈ ಸಲ ಪೂರ್ತಿ ಓದಿದೆ.

ಮಲೆನಾಡ_ಜಿಗಣೆ · 10:38

ಶಭಾಷ್. ಇನ್ನೊಂದು ಕೆಲಸ ಬಾಕಿ ಇದೆ. ಯೂಸ್‌ಲೆಸ್ ಸಪ್ರೆಶನ್ ಅನ್ನುವ ಸಂದೇಶ ಆನ್ ಮಾಡಿ. ಕೋಡ್ ಒಳಗೆ ಅಲ್ಲಲ್ಲಿ ಡಿಸೇಬಲ್ ಅಂತ ಕಾಮೆಂಟ್ ಬರೆದಿರುತ್ತಾರಲ್ಲ, ಅದರಲ್ಲಿ ಈಗ ಬೇಕಿಲ್ಲದ್ದು ಯಾವುದು ಅಂತ ಹೇಳುತ್ತದೆ.

ಕಾಫಿಪುಡಿ · 10:55

ಆನ್ ಮಾಡಿದೆ ಮೇಡಂ. 640 ಹೊಸ ಎಚ್ಚರಿಕೆ.

ಒಗ್ಗರಣೆ_ಸೌಟು · 11:02

ವಾಚ್‌ಮನ್‌ನ ಕರೆಯಲಾ?